ಕುಣಿಗಲ್ಲಿನ ಕುದುರೆ, ತಗಡಿನ ಕತ್ತೆ

ಬೆಂಗಳೂರಿನಿಂದ ಹಾಸನದ ಹೆದ್ದಾರಿ ಹಿಡಿದು ಕುಣಿಗಲ್ಲಿಗೆ ಬರುವ ಪ್ರಯಾಣಿಕನು, ಜನಪದರ ಹಾಡಿನಿಂದ ನಾಡಿಗೆಲ್ಲ ಹೆಸರಾದ ಅಲ್ಲಿನ ದೊಡ್ಡಕೆರೆಯನ್ನು ಕಾಣುವ ಆತುರದಲ್ಲಿ, ನಾಲ್ಕುನೂರು ಎಕರೆಗೂ ಮಿಕ್ಕಿ ಹಬ್ಬಿಕೊಂಡಿರುವ ಕುದುರೆ ಫಾರಮ್ಮಿನ ಕಡೆಗೆ ಕಣ್ಣು ಹಾಯಿಸದೆ ಹೋಗುವುದೂ ಉಂಟು. ಈಚಿನ ತಲೆಮಾರಿನವರು ಅದನ್ನು ಪಂದ್ಯದ ಕುದುರೆಗಳ ತವರೆಂದು ಬಲ್ಲರು. ಆದರೆ ಅದರ ಮೂಲವಿರುವುದು 18ನೆಯ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಅಶ್ವಸೈನ್ಯಕ್ಕೆ ಕುದುರೆ ಒದಗಿಸಬೇಕಾಗಿದ್ದ ಅಗತ್ಯದಲ್ಲಿ. ಇಂದು ವಿಮಾನದ ಕಾರ್ಖಾನೆ ಹೇಗೋ ಅಂದು ಕುದುರೆಯ ಲಾಯ ಹಾಗೆ. ಯುದ್ಧಕ್ಕೆ ಹೋಗುವ ಕುದುರೆಯಲ್ಲಿ ವೇಗವೂ ಇರಬೇಕು, ವಿಧೇಯತೆಯೂ ಇರಬೇಕು. ಇವೆರಡೂ ಒಂದೇ ಪ್ರಾಣಿಯಲ್ಲಿ ಕೂಡಿಬರುವುದು ವಿರಳವೆಂಬುದನ್ನು ರಾವುತರಾದವರು ಬಲ್ಲರು. ಎರಡರಲ್ಲೊಂದನ್ನು ಬಿಡಬೇಕಾಗಿ ಬಂದಾಗ ಸೇನಾಧಿಕಾರಿಗಳು ಪ್ರಾಯಶಃ ವೇಗವನ್ನೇ ಬಿಡುತ್ತಾರೆ. ಒಂಟಿರೆಕ್ಕೆಯ ಯುದ್ಧವಿಮಾನದ ಬಾಲ್ಯಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಈ ಲಾಯದ ನೆನಪಾಗುತ್ತದೆ.

‘ಒಂಟಿರೆಕ್ಕೆ’ ಎಂದೊಡನೆ ಒಂದು ಕಡೆಯ ರೆಕ್ಕೆ ಮುರಿದ ಹಕ್ಕಿಯ ಚಿತ್ರ ಮೂಡಿದರೆ ಓದುಗರು ಕ್ಷಮಿಸಬೇಕು. ‘ಏಕಪಕ್ಷ’ವೆಂಬ ಸಂಸ್ಕೃತ ಪದವನ್ನು ಬಳಸೋಣವೆಂದರೆ ರಾಜಕಾರಣದ ಗಾಳಿ ಬೀಸುತ್ತದೆ. ಹೇಳಬೇಕಾದುದಿಷ್ಟೆ: ಮೊದಲಿನ ವಿಮಾನಗಳಲ್ಲಿ ಬಹುಪಾಲು ಎರಡಂತಸ್ತಿನ ಮನೆಗಳಂತೆ ಮೇಲೊಂದು ಕೆಳಗೊಂದು ರೆಕ್ಕೆಯನ್ನು ಹೊಂದಿದ್ದು, ನಡುವಣ ಕಂಬಗಳಿಂದಲೂ ಅಡ್ಡತಂತಿಗಳಿಂದಲೂ ಸೇತುವೆಯ ಚೌಕಟ್ಟಿನಂತೆ ಬಿಗಿಗೊಂಡಿರುತ್ತಿದ್ದವು, ಒಂದೇ ಅಂತಸ್ತಿನ ಒಂಟಿರೆಕ್ಕೆಗಾದರೋ ಆ ಭದ್ರತೆ ಇರಲಿಲ್ಲ. ಅದರ ತೆಳುವಾದ ರೆಕ್ಕೆಯನ್ನು ಒಡಲಿನ ಮೇಲೊಂದು ಗೂಟ ನೆಟ್ಟು, ಮೇಲಿನಿಂದಲೂ ಕೆಳಗಿನಿಂದಲೂ ತಂತಿ ಎಳೆದು ಹಿಡಿದಿರಿಸಬೇಕಾಗಿದ್ದಿತು. ಆದರೆ ಗಾಳಿಗೆ ಅಡ್ಡವಾಗುವ ಕಂಬ ತಂತಿಗಳು ಕಡಿಮೆಯಾದಷ್ಟೂ ಓಟ ಹೆಚ್ಚು. 1909ರ ಜುಲೈ 25ರಂದು ಲೂಯಿ ಬ್ಲೇರಿಯೋ 25 ಅಶ್ವಶಕ್ತಿಯ ಎಂಜಿನ್ನಿನ ಇಂಥದೊಂದು ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದಾಗ ಜಗತ್ತು ಬೆರಗಾಯಿತು. ಎಂಜಿನ್ನಿನ ಬಲವನ್ನು ಕುದುರೆಯ ಲೆಕ್ಕದಲ್ಲಿಯೇ ಅಳೆಯುವ ಪದ್ಧತಿಯನ್ನು ಮಾತ್ರ ಯಾರೂ ಬಿಡಲಿಲ್ಲ.

ಎರಡು ವರ್ಷ ಕಳೆದ ಬಳಿಕ ಒಂಟಿರೆಕ್ಕೆ ರಣರಂಗಕ್ಕೆ ಬಂದಿತು. ಇಟಲಿಯು ಲಿಬಿಯಾದಲ್ಲಿ ತುರ್ಕರೊಡನೆ ಯುದ್ಧ ಹೂಡಿದ್ದಾಗ, 1911ರ ಅಕ್ಟೋಬರ್ 23ರಂದು ಕಾರ್ಲೋ ಪಿಯಾಜಾ ಎಂಬ ಕ್ಯಾಪ್ಟನ್ನನು ಬ್ಲೇರಿಯೋ ವಿಮಾನದಲ್ಲಿ ಶತ್ರುಶಿಬಿರಗಳ ಮೇಲೆ ಹಾರಿ ಬೇಹು ನಡೆಸಿದನು. ನವೆಂಬರ್ 1ರಂದು ಜೂಲಿಯೋ ಗವೋತ್ತಿಯು ಪಾರಿವಾಳದ ಹೆಸರನ್ನು ಹೊತ್ತ ‘ಟೌಬೆ’ ಎಂಬ ಒಂಟಿರೆಕ್ಕೆಯಿಂದ ಸಣ್ಣ ಬಾಂಬುಗಳನ್ನು ಕೈಯಾರೆ ಕೆಳಗೆಸೆದನು. ಪಾರಿವಾಳಕ್ಕೆ ಇಂಥ ಕೆಲಸ ಹಚ್ಚಿದುದು ಮನುಷ್ಯನ ವಿನೋದಬುದ್ಧಿಯೋ ವಿಧಿಯದೋ!

ಆದರೆ ಸೇನೆಗಳ ಅಂಜಿಕೆ ಇದರಿಂದ ಹೋಗಲಿಲ್ಲ. ರೆಕ್ಕೆಗಳು ನಡುಗಗನದಲ್ಲಿ ಕಳಚಿ ಬೀಳುತ್ತಿದ್ದವು. ಹಾರುವಾಗ ಭಾರವೆಲ್ಲ ಕೆಳಗಿನ ತಂತಿಗಳ ಮೇಲೆ ಬೀಳುವುದೆಂಬ ನಂಬಿಕೆಯಿಂದ ಮೇಲಿನ ತಂತಿಗಳನ್ನು ಸಪೂರವಾಗಿ ಮಾಡಿರುತ್ತಿದ್ದರು. ವಿಮಾನವನ್ನು ಥಟ್ಟನೆ ತಲೆಕೆಳಗಾಗಿ ಇಳಿಸಿದಾಗ ಗಾಳಿಯ ಒತ್ತಡ ರೆಕ್ಕೆಯ ಬೆನ್ನಿನ ಮೇಲೆ ಬೀಳಬಹುದೆಂಬುದು ತಡವಾಗಿ ಹೊಳೆಯಿತು. 1912ರಲ್ಲಿ ಸ್ವತಃ ಬ್ಲೇರಿಯೋನೇ ಫ್ರೆಂಚ್ ಸೇನೆಗೆ ಈ ದೋಷವನ್ನು ವರದಿ ಮಾಡಿದನೆಂಬುದು ಅವನಿಗೆ ಶೋಭೆ ತರುವ ಸಂಗತಿ. ತಾನು ಮಾರುವ ಕುದುರೆಯ ಕಾಲು ಸೋಲುತ್ತದೆಂದು ಸಂತೆಯಲ್ಲಿ ತಾನೇ ಕೂಗಿ ಹೇಳುವ ವ್ಯಾಪಾರಿಗಳು ಬಹಳ ಮಂದಿ ಇರಲಾರರು. ಫ್ರೆಂಚರು ಕೆಲಕಾಲ ಹಾರಾಟ ನಿಲ್ಲಿಸಿ, ತಂತಿಗಳನ್ನು ಬಲಪಡಿಸಿ ಮುಂದುವರಿದರು. ಬ್ರಿಟಿಷರಾದರೋ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ವಿಮಾನಗಳು ಮುರಿದುಬಿದ್ದು ನಾಲ್ವರು ಅಧಿಕಾರಿಗಳು ಸತ್ತೊಡನೆ, ತಮ್ಮ ಭೂಸೇನೆಯ ವೈಮಾನಿಕರು ಒಂಟಿರೆಕ್ಕೆಯನ್ನು ಏರಕೂಡದೆಂದು ವಿಧಿಸಿದರು. ತಪ್ಪು ತಳಿಯದಲ್ಲ ಎಂಬ ಅಭಿಪ್ರಾಯಕ್ಕೆ ವಿಚಾರಣಾ ಸಮಿತಿ ಬಂದು 1913ರಲ್ಲಿ ನಿಷೇಧ ತೆರವಾಯಿತು, ಶಂಕೆ ತೆರವಾಗಲಿಲ್ಲ.

ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಫ್ರಾನ್ಸಿನ ರೋಲಾಂ ಗರೋಸ್ ತನ್ನ ಒಂಟಿರೆಕ್ಕೆಯ ಪಂಕಕ್ಕೆ ಉಕ್ಕಿನ ಪಟ್ಟಿಗಳನ್ನು ಕಟ್ಟಿ ಅದರ ನಡುವಿನಿಂದಲೇ ಗುಂಡು ಹಾರಿಸಿದುದನ್ನೂ, ಜರ್ಮನರು ಫೋಕರನ ವಿಮಾನದಲ್ಲಿ ಪಂಕದ ಅಲಗು ಅಡ್ಡಬಾರದ ಕ್ಷಣದಲ್ಲಿ ಮಾತ್ರ ಗುಂಡು ಹಾರುವ ಯಂತ್ರವನ್ನು ಅಳವಡಿಸಿ ಕೆಲವು ತಿಂಗಳು ಆಕಾಶವನ್ನಾಳಿದುದನ್ನೂ ವಿವರಿಸುವುದು ಇಲ್ಲಿ ಅನವಶ್ಯಕ. ನಮಗೆ ಹತ್ತಿರದ ಕಥೆ ಬೇರೆ. 1916ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯವರು ಗಂಟೆಗೆ ಸುಮಾರು 130 ಮೈಲಿ ಓಡುವ ಒಂಟಿರೆಕ್ಕೆಯೊಂದನ್ನು ನಿರ್ಮಿಸಿದರು. ಅದು ನೆಲಕ್ಕಿಳಿಯುವ ವೇಗ 49 ಮೈಲಿಯಾಯಿತು, ಫ್ರಾನ್ಸಿನ ಸಣ್ಣ ಬಯಲುಗಳಿಗೆ ಇದು ಅತಿಯಾಯಿತು ಎಂದು ಹೇಳಿ ಅಧಿಕಾರಿಗಳು ಸುಮಾರು 130ಕ್ಕೇ ಅದರ ನಿರ್ಮಾಣವನ್ನು ನಿಲ್ಲಿಸಿ, ಆದವುಗಳಲ್ಲಿ ಕೆಲವನ್ನು ಪ್ಯಾಲೆಸ್ಟೈನ್ ಮೊದಲಾದ ದೂರದ ರಂಗಗಳಿಗೆ ಸಾಗಹಾಕಿದರು. ಅದೇ ಪ್ಯಾಲೆಸ್ಟೈನಿನಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಪಡೆಯ ಸವಾರರು ಜೋಧಪುರದವರೊಡಗೂಡಿ, ಭರ್ಜಿ ಹಿಡಿದು, ಮೆಷಿನ್‌ಗನ್ನುಗಳಿಗೆದುರಾಗಿ ಹೈಫಾ ಪಟ್ಟಣವನ್ನು ಗೆದ್ದರು. ಆ ಹೊತ್ತಿಗೆ ಕುದುರೆ ತನ್ನ ಕೊನೆಯ ದೊಡ್ಡ ಕೆಲಸವನ್ನು ಮಾಡುತ್ತಿದ್ದಿತು. ಅದರ ಉತ್ತರಾಧಿಕಾರಿಯು ಅದೇ ರಂಗದ ಆಕಾಶದಲ್ಲಿ ಬೇಡದ ಕೂಸಾಗಿ ತಿರುಗಾಡಿದ್ದಿತು.

ಅಷ್ಟರಲ್ಲಿ ಪ್ರಶ್ನೆಗೆ ಉತ್ತರ ಜರ್ಮನಿಯಲ್ಲಿ ಸದ್ದಿಲ್ಲದೆ ಸಿಕ್ಕಿದ್ದಿತು. ಹ್ಯೂಗೋ ಯುಂಕರ್ಸ್ ಎಂಬ ಪ್ರಾಧ್ಯಾಪಕನು ರೆಕ್ಕೆಯನ್ನು ದಪ್ಪಗೆ ಮಾಡಿ, ಅದನ್ನು ಹೊರುವ ತೊಲೆಗಳನ್ನು ಅದರ ಒಳಗೇ ಅಡಗಿಸಿ, ಹೊರಗಿನ ತಂತಿಯನ್ನೆಲ್ಲ ಕಿತ್ತೊಗೆದು, ಮೈಗೆ ಉಕ್ಕಿನ ತಗಡು ಹೊದಿಸಿ, 1915ರ ಡಿಸೆಂಬರಿನಲ್ಲಿ ಹಾರಿಸಿದನು. ಭಾರಕ್ಕೆ ತಿಣುಕುತ್ತ ಏರುವ ಅದನ್ನು ಕಂಡವರು ‘ತಗಡಿನ ಕತ್ತೆ’ ಎಂದು ಕರೆದರು. ಮುಂದಿನ ಜಗತ್ತಿನ ಯುದ್ಧವಿಮಾನಗಳ ವಂಶವು ಈ ಕತ್ತೆಯ ದಾರಿಯನ್ನೇ ಹಿಡಿಯಿತು. ಆದರೆ ಸೈನ್ಯಗಳು ಎರಡಂತಸ್ತಿನ ವಿಮಾನವನ್ನು ಕೈಬಿಡುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಹಿಡಿದವು.

ಈ ಸಂಕೋಚವೆಲ್ಲ ತೀರಿದ ಮೇಲೆಯೇ ವಿಮಾನದ ಕಸುಬು ಮೈಸೂರು ಸೀಮೆಗೆ ಬಂದುದರಿಂದ ನಮ್ಮವರಿಗೆ ತಂತಿ ಬಿಗಿಯುವ ತಾಪತ್ರಯ ಬರಲಿಲ್ಲ. 1940ರ ಡಿಸೆಂಬರ್ 23ರಂದು ವಾಲಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ನೆಲವನ್ನು ಕೊಟ್ಟುದಲ್ಲದೆ 25 ಲಕ್ಷ ರೂಪಾಯಿಗಳನ್ನೂ ಹೂಡಿತು. ಅಮೆರಿಕದಿಂದ ಬಂದ ಭಾಗಗಳನ್ನು ಜೋಡಿಸಿ 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನವನ್ನೂ, 1942ರ ಜುಲೈನಲ್ಲಿ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನವನ್ನೂ ಹಾರಿಸಿದರು. ಎರಡೂ ಲೋಹದ ಮೈಯ ಒಂಟಿರೆಕ್ಕೆಗಳು.

ಆದರೂ ಅವು ಪರದೇಶದ ತಳಿ. ಇಲ್ಲಿಯೇ ಹುಟ್ಟಿದ ಮರಿಗಾಗಿ ಇನ್ನೂ ಹತ್ತು ವರ್ಷ ಕಾಯಬೇಕಾಯಿತು. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ವಾಯುಚಲನವಿಜ್ಞಾನಿ ಪ್ರಾಂಟ್ಲ್ ಅವರ ಬಳಿ ಓದಿ ಬಂದು, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನವಿದ್ಯೆಯನ್ನು ಬೋಧಿಸಿದ ವಿ. ಎಂ. ಘಾಟ್ಗೆಯವರ ನೇತೃತ್ವದಲ್ಲಿ ಎಚ್‌ಟಿ-2 ಎಂಬ ಎರಡು ಪೀಠದ, ಕೆಳರೆಕ್ಕೆಯ ವಿಮಾನ ಸಿದ್ಧವಾಯಿತು. 1951ರ ಆಗಸ್ಟಿನಲ್ಲಿ ಕ್ಯಾಪ್ಟನ್ ಜಮ್‌ಶೇದ್ ಮುನ್ಷಿ ಅದನ್ನು ಮೊದಲ ಸಲ ಮೇಲಕ್ಕೇರಿಸಿದರು. ವೇಗದಲ್ಲಿ ಅದೇನೂ ಅಸಾಧಾರಣವಲ್ಲ. ಅದರ ಹೆಚ್ಚುಗಾರಿಕೆ ವಿಧೇಯತೆ. ವಾಯುಸೇನೆಯ ಎಷ್ಟೋ ತರುಣರು ಹಾರುವ ಮೊದಲ ಪಾಠವನ್ನು ಕಲಿತದ್ದು ಅದರ ಬೆನ್ನಿನ ಮೇಲೆ.

ಈಗ ಆ ಕಸುಬು ಕುಣಿಗಲ್ಲನ್ನೊಳಗೊಂಡ ನಮ್ಮ ತುಮಕೂರು ಜಿಲ್ಲೆಗೇ ಬಂದಿದೆ. ಗುಬ್ಬಿ ತಾಲೂಕಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆಯು 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಒಂಟಿರೆಕ್ಕೆಯ ಮಾತು ಹೋಗಲಿ, ಅಲ್ಲಿ ತಯಾರಾಗುವುದಕ್ಕೆ ಅಂಥ ಸ್ಥಿರವಾದ ರೆಕ್ಕೆಯೇ ಇಲ್ಲ. ಆ ಸ್ಥಳದ ಹೆಸರು ಬಿದರೆಹಳ್ಳ ಕಾವಲ್. ಕಾವಲು ಎಂದರೆ ಮೈಸೂರು ಸೀಮೆಯಲ್ಲಿ ಮೇವಿಗೆಂದು ಮೀಸಲಿಟ್ಟ ಹುಲ್ಲುನೆಲ. ಸೈನ್ಯದ ತೋಪುಗಳನ್ನೆಳೆದ ಅಮೃತಮಹಲ್ ಎತ್ತುಗಳು ಅಂಥ ಕಾವಲುಗಳಲ್ಲಿಯೇ ಮೇದು ಬೆಳೆದವು. ಕುಣಿಗಲ್ಲಿನ ಕುದುರೆಗಳಿಗೆ ಅವು ನೆರೆಹೊರೆಯವು.