ವೈಮರ್ ಸಂವಿಧಾನ ಮತ್ತು ಅದರ 48ನೇ ವಿಧಿ

ಹಿಟ್ಲರ್ ಅಧಿಕಾರಕ್ಕೆ ಹೇಗೆ ಬಂದ ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ಥಟ್ಟನೆ ವರ್ಸೇಲ್ಸ್ ಒಪ್ಪಂದ ಎನ್ನುತ್ತಾರೆ. ಅದರ ಜೊತೆಗೆ ನಿರುದ್ಯೋಗವನ್ನೂ ಬರೆದರೆ ಪೂರ್ಣ ಅಂಕ ಸಿಗುತ್ತದೆ. ಉತ್ತರ ತಪ್ಪಲ್ಲ. ಆದರೆ ಅವನು ಬರುವುದಕ್ಕೆ ಎರಡೂವರೆ ವರ್ಷ ಮೊದಲೇ ಜರ್ಮನಿಯ ಸಂಸತ್ತು ಬಲಹೀನವಾಗಿತ್ತು. ಅದನ್ನು ಬಲಹೀನಗೊಳಿಸಿದ್ದು ಬಂದೂಕಲ್ಲ, ಸಂವಿಧಾನದ ಒಂದು ವಿಧಿ.

ಒಂದನೇ ಮಹಾಯುದ್ಧದಲ್ಲಿ ಸೋತು ಕೈಸರ್ ಪದತ್ಯಾಗ ಮಾಡಿದ ನಂತರ, ಬರ್ಲಿನ್‌ನಲ್ಲಿ ಗಲಭೆಗಳಿದ್ದುದರಿಂದ ಜನಪ್ರತಿನಿಧಿಗಳು ವೈಮರ್ ಪಟ್ಟಣದ ನಾಟಕಶಾಲೆಯಲ್ಲಿ ಸಭೆ ಸೇರಿದರು. ಕರಡನ್ನು ಕಾನೂನು ಪಂಡಿತ ಹ್ಯೂಗೋ ಪ್ರೂಸ್ ಸಿದ್ಧಪಡಿಸಿದರು. 1919ರ ಆಗಸ್ಟ್ 11ರಂದು ಅಧ್ಯಕ್ಷ ಎಬರ್ಟ್ ಸಹಿ ಹಾಕಿದ ಈ ಸಂವಿಧಾನ ಇಪ್ಪತ್ತು ವರ್ಷ ತುಂಬಿದ ಸ್ತ್ರೀ-ಪುರುಷರೆಲ್ಲರಿಗೂ ಮತದಾನದ ಹಕ್ಕು ಕೊಟ್ಟಿತು. ಫ್ರಾನ್ಸಿನ ಮಹಿಳೆಯರು ಇದಕ್ಕಾಗಿ 1944ರವರೆಗೆ ಕಾಯಬೇಕಾಯಿತು.

60,000 ಮತಗಳಿಗೆ ಒಂದು ಸ್ಥಾನ ಎಂಬ ಪ್ರಮಾಣಾನುಗುಣ ಪದ್ಧತಿಯಿಂದ ಸಣ್ಣ ಪಕ್ಷಗಳು ಹೆಚ್ಚಿದವು, ಸರ್ಕಾರಗಳು ಬೇಗ ಬೇಗ ಉರುಳಿದವು. ಎಲ್ಲ ಅನಾಹುತಕ್ಕೂ ಇದೇ ಕಾರಣ ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. 1932ರ ಜುಲೈನಲ್ಲಿ ಶೇ. 37ರಷ್ಟು ಮತ ಪಡೆದ ನಾಜಿ ಪಕ್ಷ ಯಾವ ಪದ್ಧತಿಯಲ್ಲಿದ್ದರೂ ದೊಡ್ಡ ಪಕ್ಷವೇ ಆಗುತ್ತಿತ್ತು.

ನಿಜವಾದ ಬಿರುಕು 48ನೇ ವಿಧಿಯಲ್ಲಿತ್ತು. ಸಾರ್ವಜನಿಕ ಸುವ್ಯವಸ್ಥೆಗೆ ಅಪಾಯವಿದ್ದಾಗ ಅಧ್ಯಕ್ಷರು ತುರ್ತು ಕ್ರಮ ಕೈಗೊಳ್ಳಬಹುದಿತ್ತು, ಏಳು ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಡಬಹುದಿತ್ತು. ಸಂಸತ್ತು ಕೇಳಿದರೆ ಅದನ್ನು ಹಿಂತೆಗೆಯಬೇಕು ಎಂಬ ಕಡಿವಾಣವೇನೋ ಇತ್ತು. ಆದರೆ 25ನೇ ವಿಧಿಯ ಪ್ರಕಾರ ಸಂಸತ್ತನ್ನೇ ವಿಸರ್ಜಿಸುವ ಅಧಿಕಾರವೂ ಅದೇ ಅಧ್ಯಕ್ಷರಿಗಿತ್ತು! 48ನೇ ವಿಧಿಗೆ ವಿವರವಾದ ಮಿತಿಗಳನ್ನು ಹಾಕುವ ಕಾನೂನು ಮುಂದೆ ಬರುತ್ತದೆ ಎಂದು ಅಲ್ಲೇ ಬರೆದಿದ್ದರು. ಆ ಕಾನೂನು ಬರಲೇ ಇಲ್ಲ.

1930ರ ಜುಲೈನಲ್ಲಿ ಚಾನ್ಸಲರ್ ಬ್ರೂನಿಂಗ್ ಅವರ ಹಣಕಾಸು ಮಸೂದೆಗೆ ಬಹುಮತ ಸಿಗಲಿಲ್ಲ. ಅಧ್ಯಕ್ಷ ಹಿಂಡೆನ್‌ಬರ್ಗ್ ಅದನ್ನೇ ತುರ್ತು ಆಜ್ಞೆಯಾಗಿ ಹೊರಡಿಸಿದರು. ಸಂಸತ್ತು ಆಜ್ಞೆಯನ್ನು ತಿರಸ್ಕರಿಸಿತು. ಅದೇ ದಿನ ಸಂಸತ್ತು ವಿಸರ್ಜನೆಯಾಯಿತು, ಕೆಲವೇ ದಿನಗಳಲ್ಲಿ ಆಜ್ಞೆ ಮತ್ತೆ ಹೊರಬಿತ್ತು. ಸೆಪ್ಟೆಂಬರ್ ಚುನಾವಣೆಯಲ್ಲಿ ನಾಜಿಗಳ ಸ್ಥಾನ 12ರಿಂದ 107ಕ್ಕೇರಿತು. 1932ರಲ್ಲಿ ಸಂಸತ್ತು ಮಾಡಿದ ಕಾನೂನುಗಳು ಕೇವಲ ಐದು. ತುರ್ತು ಆಜ್ಞೆಗಳು ಐವತ್ತಕ್ಕೂ ಹೆಚ್ಚು.

1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದಾಗ ದಾರಿ ಸವೆದು ಸಿದ್ಧವಾಗಿತ್ತು. ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನ, ಫೆಬ್ರವರಿ 28ರಂದು, ಇದೇ 48ನೇ ವಿಧಿಯಡಿ ಹಕ್ಕುಗಳು ಅಮಾನತಾದವು. ಮಾರ್ಚ್ 23ರಂದು, ಕಮ್ಯುನಿಸ್ಟ್ ಸದಸ್ಯರನ್ನು ಹೊರಗಿಟ್ಟು, 94 ಸೋಷಿಯಲ್ ಡೆಮಾಕ್ರಟರು ವಿರೋಧಿಸಿದರೂ, ಶಾಸನಾಧಿಕಾರವನ್ನು ಸರ್ಕಾರಕ್ಕೆ ಒಪ್ಪಿಸಲಾಯಿತು. ವೈಮರ್ ಸಂವಿಧಾನವನ್ನು ನಾಜಿಗಳು ಔಪಚಾರಿಕವಾಗಿ ರದ್ದು ಮಾಡಲೇ ಇಲ್ಲ. ಅದರ ಅಗತ್ಯವೂ ಅವರಿಗೆ ಬೀಳಲಿಲ್ಲ.

1949ರ ಆಗಸ್ಟ್‌ನಲ್ಲಿ ನಮ್ಮ ಸಂವಿಧಾನ ಸಭೆ ತುರ್ತು ಪರಿಸ್ಥಿತಿಯ ಅಧ್ಯಾಯವನ್ನು ಚರ್ಚಿಸುವಾಗ ವೈಮರ್ ಉದಾಹರಣೆಯನ್ನು ಎತ್ತಿ ಎಚ್ಚರಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಸಭೆ ಅವರ ಆಕ್ಷೇಪವನ್ನು ಒಪ್ಪಲಿಲ್ಲ. 1975ರ ತುರ್ತು ಪರಿಸ್ಥಿತಿಯನ್ನು ಕಂಡ ಮೇಲೆ, 1978ರ 44ನೇ ತಿದ್ದುಪಡಿಯಲ್ಲಿ, 20 ಮತ್ತು 21ನೇ ವಿಧಿಗಳ ಹಕ್ಕುಗಳಿಗಾಗಿ ನ್ಯಾಯಾಲಯದ ಮೊರೆಹೋಗುವುದನ್ನು ಯಾವ ತುರ್ತು ಪರಿಸ್ಥಿತಿಯಲ್ಲೂ ತಡೆಯುವಂತಿಲ್ಲ ಎಂದು ಸೇರಿಸಲಾಯಿತು.