ಗೇರ್ ರಾಡ್ ಗಿಡ್ಡ ಮಾಡಿದವನ ಕಥೆ

ಕಾರಿನೊಳಗಿನ ಇತಿಹಾಸ | ಭಾಗ 6

ಹೋದ ತಿಂಗಳು ನಮ್ಮ ಕ್ಲಾಸ್ ಗ್ರೂಪಲ್ಲಿ ಒಂದು ವಿಡಿಯೋ ಬಂತು. ನಮ್ಮವನೊಬ್ಬ ತನ್ನ ಸೆಕೆಂಡ್ ಹ್ಯಾಂಡ್ ಕಾರಿಗೆ ಶಾರ್ಟ್ ಶಿಫ್ಟರ್ ಹಾಕಿಸಿದ್ದ. ಮಣಿಕಟ್ಟು ಆಡಿಸಿದ್ರೆ ಸಾಕು, ಟಕ್ ಅಂತ ಗೇರ್ ಬೀಳ್ತಿತ್ತು. ಎಲ್ಲರೂ ಬೆಂಕಿ ಇಮೋಜಿ ಹಾಕಿದ್ರು, ನಾನೂ ಹಾಕ್ದೆ. ನಾಲ್ಕೇ ದಿನಕ್ಕೆ ಆ ಕಾರು ಟೋ ಆಗಿ ಗ್ಯಾರೇಜ್ ಸೇರಿತು. ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಈ ರಾಡಿನ ಹಿಂದಿನ ಕಥೆ ನೋಡೋಣ. ಒಂದೊಂದೇ ಫೋಟೋ ಸ್ವೈಪ್ ಮಾಡ್ತಾ ಓದಿ.

📷 1. ಫ್ರಾನ್ಸ್, 1891

ಪನ್ಹಾರ್ಡ್ ಎ ಲೆವಾಸೋರ್ ಕಂಪನಿಯ ಎಮಿಲ್ ಲೆವಾಸೋರ್ ಎಂಜಿನ್ನನ್ನು ಕಾರಿನ ಮುಂದಕ್ಕೆ ತಂದರು. ಅದರ ಹಿಂದೆ ಕ್ಲಚ್, ಆಮೇಲೆ ಗೇರ್. ಲಿವರ್ ತಳ್ಳಿದರೆ ಹಲ್ಲಿನ ಚಕ್ರಗಳೇ ಶಾಫ್ಟ್ ಮೇಲೆ ಜಾರಿ ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವು. ಎರಡರ ವೇಗ ಹೊಂದಲಿಲ್ಲ ಅಂದ್ರೆ ಕರಕರ ಸದ್ದು, ಹಲ್ಲು ಸವೆತ. ಲಿವರ್ ಒಂದೇ ಸಾಲಿನಲ್ಲಿ ಹಿಂದೆ ಮುಂದೆ ಹೋಗ್ತಿದ್ದ ಆ ಕಾಲದಲ್ಲಿ ಗೇರುಗಳನ್ನು ಒಂದಾದ ಮೇಲೊಂದರಂತೆ ದಾಟಿಯೇ ಹೋಗಬೇಕಿತ್ತು. 1901ರ ಮರ್ಸಿಡಿಸ್ 35 ಎಚ್‌ಪಿ ಕಾರಿನಲ್ಲಿ ವಿಲ್ಹೆಲ್ಮ್ ಮೇಬಾಕ್ ಗೇಟ್ ಇಟ್ಟರು. ಲಿವರ್ ಈಗ ಅಡ್ಡಕ್ಕೂ ಸರಿಯುತ್ತಿತ್ತು. ಇವತ್ತು ನಮ್ಮ ಗೇರ್ ನಾಬ್ ಮೇಲೆ ಕಾಣೋ ಎಚ್ ಆಕಾರಕ್ಕೆ ಅದೇ ಅಜ್ಜ.

📷 2. ಅಮೆರಿಕ, 1928

ಅರ್ಲ್ ಥಾಂಪ್ಸನ್ ರೂಪಿಸಿದ ಸಿಂಕ್ರೊಮೆಶ್ ಅನ್ನು ಕ್ಯಾಡಿಲಾಕ್ ತನ್ನ 1929ರ ಮಾಡೆಲ್‌ಗೆ ಹಾಕಿತು. ಹಲ್ಲುಗಳು ಸೇರುವ ಮೊದಲು ಕೋನ್ ಆಕಾರದ ಎರಡು ಭಾಗಗಳು ಉಜ್ಜಿಕೊಂಡು ವೇಗವನ್ನು ಸಮ ಮಾಡುತ್ತವೆ, ಆಮೇಲಷ್ಟೇ ಗೇರ್ ಕೂರುತ್ತದೆ. ಇದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಬೇಕು. ಆ ಸಣ್ಣ ಹೊತ್ತನ್ನು ನೆನಪಲ್ಲಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ.

📷 3. ಹ್ಯಾಂಡ್ ಗೇರ್

1930ರ ದಶಕದ ಕೊನೆಗೆ ಅಮೆರಿಕದ ಕಾರುಗಳಲ್ಲಿ ಲಿವರ್ ನೆಲ ಬಿಟ್ಟು ಸ್ಟೀರಿಂಗ್ ಪಕ್ಕಕ್ಕೆ ಏರಿತು. ಕಾರಣ ಸರಳ: ಮುಂದಿನ ಉದ್ದ ಸೀಟಲ್ಲಿ ಮೂರು ಜನ ಕೂರಬಹುದು. ನಮ್ಮಲ್ಲಿ ಅಂಬಾಸಿಡರ್, ಪದ್ಮಿನಿ ಎರಡೂ ಬಹುಕಾಲ ಹ್ಯಾಂಡ್ ಗೇರ್ ಗಾಡಿಗಳೇ. 1983ರ ಡಿಸೆಂಬರಲ್ಲಿ ಮಾರುತಿ 800 ಬಂದಾಗ ಎಷ್ಟೋ ಡ್ರೈವರುಗಳು ಎಡಗೈಯನ್ನು ಸ್ಟೀರಿಂಗ್ ಪಕ್ಕದಿಂದ ಕೆಳಗಿಳಿಸೋದು ಕಲೀಬೇಕಾಯ್ತು.

ನಮ್ಮ ದೊಡ್ಡಪ್ಪ ಹಾಸನದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸ್ತಿದ್ರು. ಹ್ಯಾಂಡ್ ಗೇರಿನ ಕಷ್ಟ ಅವರ ಬಾಯಲ್ಲೇ ಕೇಳ್ಬೇಕು. ಲಿವರಿನಿಂದ ಗೇರ್ ಬಾಕ್ಸಿನವರೆಗೆ ಉದ್ದುದ್ದ ರಾಡುಗಳು, ನಡುನಡುವೆ ಬುಷ್ಷುಗಳು. ಬುಷ್ ಸವೆದ್ರೆ ಲಿವರ್ ಗಂಜಿಯಲ್ಲಿ ಸೌಟು ಆಡಿಸಿದ ಹಾಗೆ. ಸಿಗ್ನಲ್ಲಲ್ಲಿ ಗೇರ್ ಜಾಮ್ ಆದ್ರೆ ಬಾನೆಟ್ ಎತ್ತಿ ಕೈಯಲ್ಲೇ ಲಿಂಕೇಜ್ ಬಿಡಿಸಿ ಬಂದು ಕೂರ್ತಿದ್ರಂತೆ. ಹಿಂದಿನ ಗಾಡಿಯವರ ಹಾರ್ನ್ ಬೇರೆ!

📷 4. ಜಾರ್ಜ್ ಹರ್ಸ್ಟ್

ಅಮೆರಿಕದ ಹುಡುಗರಿಗೂ ಇದೇ ತಲೆನೋವು. ಎಂಜಿನ್ ಪವರ್ ಏರ್ತಾ ಹೋಯ್ತು, ಗೇರ್ ಲಿವರ್ ಮಾತ್ರ ಸಡಿಲ, ದೂರ. ಪೆನ್ಸಿಲ್ವೇನಿಯಾದ ಜಾರ್ಜ್ ಹರ್ಸ್ಟ್ ಮೊದಲು ಹಳೇ ಕಾರಿಗೆ ದೊಡ್ಡ ಎಂಜಿನ್ ಕೂರಿಸೋ ಮೌಂಟ್‌ಗಳನ್ನು ಮಾಡ್ತಿದ್ರು. 1950ರ ದಶಕದ ಕೊನೆಯ ಹೊತ್ತಿಗೆ ಸ್ಟೀರಿಂಗ್ ಪಕ್ಕದ ಗೇರನ್ನು ನೆಲಕ್ಕಿಳಿಸುವ ಗಟ್ಟಿ ಶಿಫ್ಟರ್ ಮಾಡೋಕೆ ಶುರು ಮಾಡಿದ್ರು. ಡ್ರ್ಯಾಗ್ ರೇಸಿನವರು ಮುಗಿಬಿದ್ರು. 1964ರ ಪಾಂಟಿಯಾಕ್ ಜಿಟಿಒ ಫ್ಯಾಕ್ಟರಿಯಿಂದಲೇ ಹರ್ಸ್ಟ್ ಶಿಫ್ಟರ್ ಜೊತೆ ಬಂತು.

ಹರ್ಸ್ಟ್ ಶಿಫ್ಟರ್ ಹೆಸರು ಮಾಡಿದ್ದು ಬರೀ ವೇಗಕ್ಕಲ್ಲ. ಲಿವರ್ ಎಲ್ಲಿ ನಿಲ್ಲಬೇಕೋ ಅಲ್ಲಿ ಸ್ಟಾಪ್ ಬೋಲ್ಟ್ ಇತ್ತು, ಅದನ್ನು ಅಡ್ಜಸ್ಟ್ ಮಾಡಬಹುದಿತ್ತು. ಎಷ್ಟೇ ಜೋರಾಗಿ ಎಳೆದರೂ ಪೆಟ್ಟು ಆ ಬೋಲ್ಟಿಗೆ, ಗೇರ್ ಬಾಕ್ಸ್ ಒಳಗಿನ ಫೋರ್ಕಿಗಲ್ಲ.

📷 5. ಲೆಕ್ಕ ಇಷ್ಟೇ

ಹೈಸ್ಕೂಲ್ ಸನ್ನೆಕೋಲು ಪಾಠ ನೆನಪಿದ್ಯಾ? ಲಿವರ್ ಒಂದು ಪಿವಟ್ ಮೇಲೆ ತಿರುಗುತ್ತೆ. ಪಿವಟ್ ಮೇಲೆ 24 ಸೆಂ.ಮೀ., ಕೆಳಗೆ 8 ಸೆಂ.ಮೀ. ಇದೆ ಅಂದುಕೊಳ್ಳಿ. ಕೆಳತುದಿ 3 ಸೆಂ.ಮೀ. ಸರಿಯಬೇಕಾದ್ರೆ ನಿಮ್ಮ ಕೈ 9 ಸೆಂ.ಮೀ. ಹೋಗ್ಬೇಕು. ಈಗ ಕೆಳಗಿನ ಭಾಗ 10, ಮೇಲಿನದು 22 ಮಾಡಿ. ಕೈ 6.6 ಸೆಂ.ಮೀ. ಹೋದ್ರೆ ಸಾಕು. ಶಾರ್ಟ್ ಶಿಫ್ಟರ್ ಅಂದ್ರೆ ಇದೇ. ಆದರೆ ಸನ್ನೆಕೋಲು ಯಾವತ್ತೂ ಪುಕ್ಕಟೆ ಕೊಡಲ್ಲ. ದೂರ ಸುಮಾರು ಕಾಲು ಭಾಗ ಕಡಿಮೆಯಾದ್ರೆ, ಕೈ ಹಾಕಬೇಕಾದ ಬಲ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರುತ್ತೆ. ಅಲ್ಲಿ ಒಳಗೆ ಸಿಂಕ್ರೊ ಇದ್ಯಲ್ಲ, ನಿಮ್ಮ ರಾಡ್ ಗಿಡ್ಡ ಆಯ್ತು ಅಂತ ಅದರ ಕೆಲಸ ಗಿಡ್ಡ ಆಗಲ್ಲ. ಆ ಕಣ್ಣು ಮಿಟುಕಿಸುವ ಹೊತ್ತು ಅದಕ್ಕೆ ಬೇಕೇ ಬೇಕು.

📷 6. ನಮ್ಮವನ ಕಾರು

ಈಗಿನ ಫ್ರಂಟ್ ವೀಲ್ ಡ್ರೈವ್ ಕಾರುಗಳಲ್ಲಿ ಬಹುತೇಕ ಲಿವರ್ ಗೇರ್ ಬಾಕ್ಸ್ ಮೇಲೆ ಕೂತಿರಲ್ಲ. ಅಲ್ಲಿಂದ ಎರಡು ಕೇಬಲ್ ಹೋಗುತ್ತವೆ: ಒಂದು ಅಡ್ಡ ಚಲನೆಗೆ, ಇನ್ನೊಂದು ಹಿಂದೆ ಮುಂದೆ ಚಲನೆಗೆ. ನಾಬ್ ಬಿಚ್ಚಿ, ಕನ್ಸೋಲ್ ಎತ್ತಿ, ಕೇಬಲ್ ತುದಿ ಕಳಚಿ, ಬೋಲ್ಟ್ ತೆಗೆದು ಹೊಸ ಲಿವರ್ ಕೂರಿಸೋದು ಕಷ್ಟದ ಕೆಲಸ ಅಲ್ಲ. ಆಮೇಲೆ ನ್ಯೂಟ್ರಲಲ್ಲಿ ಕೇಬಲ್ ಸರಿಹೊಂದಿಸಿ, ಎಂಜಿನ್ ಆಫ್ ಇಟ್ಟು ರಿವರ್ಸ್ ಸೇರಿ ಎಲ್ಲ ಗೇರನ್ನೂ ಹತ್ತಾರು ಸಲ ಹಾಕಿ ತೆಗೆದು ನೋಡೋದೇ ಮುಖ್ಯ. ಹಾಕಿಕೊಟ್ಟ ಶೆಡ್ಡಿನಲ್ಲಿ ಅದನ್ನೇ ಮಾಡಿರಲಿಲ್ಲ. ಇವನೂ ಕೇಳಿರಲಿಲ್ಲ.

ಖಾಲಿ ರೋಡು, ಮೂರನೇ ಗೇರು, ಎಂಜಿನ್ ಕಿರುಚ್ತಾ ಇತ್ತು. ನಾಲ್ಕಕ್ಕೆ ಎಳೆದ. ಬಿದ್ದದ್ದು ಎರಡಕ್ಕೆ. ಕ್ಲಚ್ ಬಿಟ್ಟ ಕೂಡಲೇ ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸಿದವು. ರೆವ್ ಲಿಮಿಟರ್ ಇಲ್ಲಿ ಕಾಪಾಡಲ್ಲ. ಅದು ಪೆಟ್ರೋಲ್ ನಿಲ್ಲಿಸಬಹುದು, ಚಕ್ರ ನಿಲ್ಲಿಸೋಕಾಗಲ್ಲ. ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗಿದವು. ಕಾರು ಒಂದ್ಸಲ ಅಡ್ಡ ಎಳೆದು ಡಿವೈಡರ್ ಹತ್ರ ನಿಂತಿತು. ಹಿಂದೆ ಲಾರಿ ಇರಲಿಲ್ಲ, ಅಷ್ಟೇ. ಪಕ್ಕದ ಸೀಟಲ್ಲಿ ನಾನಿದ್ದೆ.

📷 7. ಹರ್ಸ್ಟ್ ಮಾಡಿದ ಇನ್ನೊಂದು ಯಂತ್ರ

ಈ ಕೊನೇ ಫೋಟೋಗೋಸ್ಕರನೇ ಇಷ್ಟುದ್ದ ಬರೆದೆ. ಅಪಘಾತ ಆದಾಗ ನಜ್ಜುಗುಜ್ಜಾದ ಕಾರಿನ ಬಾಗಿಲನ್ನು ಅಗಲಿಸಿ ಒಳಗಿನವರನ್ನು ತೆಗೆಯೋ ಹೈಡ್ರಾಲಿಕ್ ಯಂತ್ರ ನೋಡಿದ್ದೀರಾ? ಇಂಗ್ಲಿಷಲ್ಲಿ ಅದನ್ನ ಜಾಸ್ ಆಫ್ ಲೈಫ್ ಅಂತಾರೆ, ಜೀವ ಉಳಿಸೋ ದವಡೆ. ಅದನ್ನು ಮಾಡಿದ್ದೂ ಇದೇ ಜಾರ್ಜ್ ಹರ್ಸ್ಟ್. ರೇಸಲ್ಲಿ ಡಿಕ್ಕಿ ಹೊಡೆದ ಕಾರುಗಳಿಂದ ಡ್ರೈವರುಗಳನ್ನು ಗರಗಸ, ಹಾರೆಯಲ್ಲಿ ಬಿಡಿಸ್ತಿದ್ದ ಕಾಲ ಅದು. ಹೊತ್ತು ಹೋಗ್ತಿತ್ತು. ಚೆಲ್ಲಿದ ಪೆಟ್ರೋಲ್ ಪಕ್ಕದಲ್ಲೇ ಗರಗಸದ ಕಿಡಿ. 1970ರ ದಶಕದಲ್ಲಿ ಹರ್ಸ್ಟ್ ಯಂತ್ರ ರೇಸ್ ಟ್ರ್ಯಾಕಿಗೆ ಬಂತು, ಅಲ್ಲಿಂದ ಅಗ್ನಿಶಾಮಕ ದಳಗಳಿಗೆ ಹಬ್ಬಿತು.

ವೇಗ ಮಾರಿದ ಮನುಷ್ಯನೇ ವೇಗದಿಂದ ಸಿಕ್ಕಿಹಾಕಿಕೊಂಡವರನ್ನು ಬಿಡಿಸೋ ಯಂತ್ರವನ್ನೂ ಮಾಡಿದ. ಅವನ ಶಿಫ್ಟರಿನ ಫೋಟೋ ನಾವೆಲ್ಲ ಶೇರ್ ಮಾಡ್ತೀವಿ, ಈ ಯಂತ್ರದ ಫೋಟೋ ಮಾತ್ರ ಯಾರೂ ಹಾಕಲ್ಲ.

ಶಾರ್ಟ್ ಶಿಫ್ಟರ್ ಹಾಕಿಸ್ಬೇಡಿ ಅಂತ ನಾನು ಹೇಳ್ತಿಲ್ಲ. ಹಾಕಿಸಿದ್ರೆ ಕೇಬಲ್ ಸೆಟ್ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ, ಮೊದಲ ವಾರ ನಿಧಾನಕ್ಕೆ ಓಡಿಸಿ ಕೈಗೆ ಹೊಸ ಅಳತೆ ಕಲಿಸಿ. ದೊಡ್ಡಪ್ಪನಿಗೆ ಈ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಅಷ್ಟು ಬೇಗ ಗೇರ್ ಹಾಕಿ ಎಲ್ಲಿಗೆ ಹೋಗ್ಬೇಕಿತ್ತೋ ಅವನು?"

ನಮ್ಮ ಹುಡುಗನ ಹತ್ರ ಉತ್ತರ ಇರಲಿಲ್ಲ. ನಿಜ ಹೇಳ್ಬೇಕಂದ್ರೆ, ಬೆಂಕಿ ಇಮೋಜಿ ಹಾಕಿದ ನನ್ನ ಹತ್ರಾನೂ ಇರಲಿಲ್ಲ.

ನಿಮ್ಮನೇಲಿ ಯಾರಾದ್ರೂ ಹ್ಯಾಂಡ್ ಗೇರ್ ಗಾಡಿ ಓಡಿಸಿದ್ರಾ? ಕೇಳಿ ಕಾಮೆಂಟಲ್ಲಿ ಬರೀರಿ. ಹಳೇ ಫೋಟೋ ಇದ್ರೆ ಡಿಎಂ ಮಾಡಿ. ಭಾಗ 7ರಲ್ಲಿ ಹ್ಯಾಂಡ್ ಬ್ರೇಕ್.

#ಕಾರಿನೊಳಗಿನಇತಿಹಾಸ #ಗೇರ್‌ರಾಡ್ #ಹ್ಯಾಂಡ್‌ಗೇರ್ #ಕನ್ನಡದಲ್ಲಿಕಾರು