ಮಾರ್ಷಲ್ ಪೇತಾಂ: ಜಯಘೋಷದಿಂದ ಸೆರೆಮನೆಗೆ

1914ರಲ್ಲಿ ಮಹಾಯುದ್ಧ ಆರಂಭವಾದಾಗ ಫ್ರಾನ್ಸಿನ ಕರ್ನಲ್ ಫಿಲಿಪ್ ಪೇತಾಂ ನಿವೃತ್ತಿಯ ಅಂಚಿನಲ್ಲಿದ್ದರು. 1916ರಲ್ಲಿ ವರ್ಡನ್ ನಗರ ಜರ್ಮನ್ನರ ಕೈಸೇರದಂತೆ ಕಾದ ಅವರು ಜನರ ಕಣ್ಮಣಿಯಾದರು; 1918ರಲ್ಲಿ ಮಾರ್ಷಲ್ ಪದವಿ ಬಂತು.

1940ರಲ್ಲಿ ದೇಶ ಸೋತಾಗ ಜನ ನಂಬಿದ್ದು 84 ವರ್ಷದ ಈ ವೃದ್ಧರನ್ನೇ. ಆದರೆ ಅವರು ಹಿಟ್ಲರನೊಂದಿಗೆ ಕೈಜೋಡಿಸಿದರು. ಅವರ ಸರ್ಕಾರ ಸಾವಿರಾರು ಯಹೂದಿಯರನ್ನು ಹಿಡಿದು ಜರ್ಮನ್ನರಿಗೆ ಒಪ್ಪಿಸಿತು.

1945ರಲ್ಲಿ ನ್ಯಾಯಾಲಯ ಮರಣದಂಡನೆ ವಿಧಿಸಿತು. ಒಂದು ಕಾಲದಲ್ಲಿ ಅವರ ಕೈಕೆಳಗಿದ್ದ ಡಿ ಗಾಲ್ ಅದನ್ನು ಜೀವಾವಧಿಗೆ ಇಳಿಸಿದರು. ಕೈದಿಯಾಗಿ ದ್ವೀಪವೊಂದಕ್ಕೆ ಹೋದವರು 1951ರಲ್ಲಿ ಅಲ್ಲೇ ತೀರಿಕೊಂಡರು.

ವರ್ಡನ್‌ನ ಸೇವೆ ಸುಳ್ಳಲ್ಲ. ಆದರೆ ನಿನ್ನೆಯ ಸೇವೆ ಇಂದಿನ ಅನ್ಯಾಯಕ್ಕೆ ಪರವಾನಗಿಯಾಗದು. ನಾವು ಎಷ್ಟೇ ಗೌರವಿಸುವ ಹಿರಿಯರಿರಲಿ, ಅವರ ಮಾತನ್ನು ನ್ಯಾಯದ ತಕ್ಕಡಿಯಲ್ಲಿ ತೂಗಿಯೇ ಒಪ್ಪೋಣ.